ಲೆಟರ್ ನೀವೇ ಬರೆದುಕೊಂಡು ಬರಬೇಡಿ

ದೀಪಾವಳಿ ಮುಗಿಯಿತು ಅಂದರೆ ಹಳೇ ಹುಡುಗರು ನಮ್ಮ ಸ್ಟಾಫ್ ರೂಮಿಗೆ ಬರಲು ಶುರು ಮಾಡುತ್ತಾರೆ. ಕೈಯಲ್ಲಿ ಕುಂದಾ ಡಬ್ಬಿ. "ಮೇಡಂರೀ, ಎಂಎಸ್‌ಗೆ ಅಪ್ಲೈ ಮಾಡಾಕತ್ತೀನ್ರಿ. ಒಂದು ಎಲ್‌ಓಆರ್ ಬೇಕಾಗಿತ್ರಿ. ಡ್ರಾಫ್ಟ್ ತಂದೀನಿ, ಸಹಿ ಹಾಕಿದ್ರ ಸಾಕ್ರಿ."

ನಾನು ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ಅಮೆರಿಕದ ಮಾಸ್ಟರ್ಸ್ ಡಿಗ್ರಿಗೆ (ಎಂಎಸ್) ಅರ್ಜಿ ಹಾಕುವಾಗ ಪಾಠ ಮಾಡಿದವರು ಕೊಡುವ ಶಿಫಾರಸು ಪತ್ರವೇ ಈ ಎಲ್‌ಓಆರ್. ಆ ಡ್ರಾಫ್ಟ್‌ಗಳೆಲ್ಲ ಒಂದೇ ಫೈಲಿನ ಮಕ್ಕಳು. ಸಿನ್ಸಿಯರ್, ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್. ಸೀನಿಯರ್ ಕೊಟ್ಟದ್ದಕ್ಕೆ ಹೆಸರು ಬದಲಿಸಿರುತ್ತಾರೆ, ಅಷ್ಟೇ. ಒಬ್ಬ ಹುಡುಗನ ಲೆಟರಿನಲ್ಲಿ ಕೊನೆಯವರೆಗೂ 'ಶೀ' ಅಂತಲೇ ಇತ್ತು!

ನನಗೆ ಬೇಕಾದದ್ದು ನಿಮ್ಮ ಕೆಲಸದ ವಿವರ. ಇಲ್ಲಿನ ಉದ್ಯಮಬಾಗದ ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಪ್ರಾಜೆಕ್ಟ್ ಮಾಡಿದ ಹುಡುಗನೊಬ್ಬ ತನ್ನ ನೋಟ್‌ಬುಕ್ ತಂದಿದ್ದ. ದಿನಾ ಬೆಳಿಗ್ಗೆ ಅಚ್ಚಿನ ಮರಳಿನ ತೇವ ಅಳೆದು, ಅವತ್ತು ಎಷ್ಟು ಎರಕಕ್ಕೆ ಬ್ಲೋಹೋಲ್ ಬಿತ್ತು ಅಂತ ಪಕ್ಕದಲ್ಲೇ ಬರೆದಿದ್ದ. ಮರಳಲ್ಲಿ ನೀರು ಜಾಸ್ತಿಯಾದರೆ ಆವಿ ಎದ್ದು ಎರಕದಲ್ಲಿ ತೂತು ಬೀಳುತ್ತದೆ, ಅದು ಪುಸ್ತಕದಲ್ಲೇ ಇದೆ. ಆದರೆ ನಮ್ಮೂರ ಮಳೆಗಾಲದಲ್ಲಿ ಅದನ್ನು ಬಿಡದೆ ಅಳೆದವನು ಅವನು. ಲೆಟರಿನ ಅರ್ಧ ಪುಟ ಆ ನೋಟ್‌ಬುಕ್ಕೇ ಬರೆಸಿತು. ಎಚ್‌ಓಡಿ (ವಿಭಾಗದ ಮುಖ್ಯಸ್ಥರ) ಲೆಟರೇ ಬೇಕು ಅಂತ ಓಡಾಡುವವರಿಗೆ ಇದನ್ನೇ ಹೇಳುತ್ತೇನೆ. ನಿಮ್ಮ ಮುಖವೇ ನೆನಪಿಲ್ಲದವರು ಏನು ಬರೆದಾರು?

ಸಹಿ ಮಾಡಿದ ಕಾಗದ ಕವರಿಗೆ ಹಾಕಿ ಕೊಡುವ ಕಾಲವೂ ಹೋಯಿತು. ಅಮೆರಿಕದ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಮೂರು ಲೆಟರ್ ಕೇಳುತ್ತವೆ. ನೀವು ಅರ್ಜಿಯಲ್ಲಿ ನಮ್ಮ ಹೆಸರು ಹಾಕಿದರೆ ಲೆಟರ್ ಅಪ್‌ಲೋಡ್ ಮಾಡುವ ಲಿಂಕ್ ನೇರ ನಮಗೆ ಬರುತ್ತದೆ. ಅಲ್ಲಿ ನಮ್ಮ ಕಾಲೇಜಿನ ಇಮೇಲ್ ಕೊಡಿ, ಜಿಮೇಲ್ ಬೇಡ. ಹಾಗೆಯೇ, ವಿದ್ಯಾರ್ಥಿಗಳ ದಾಖಲೆಗಳ ಬಗ್ಗೆ ಅಮೆರಿಕದಲ್ಲಿರುವ 1974ರ ಫೆರ್ಪಾ ಕಾಯ್ದೆ ಪ್ರಕಾರ ಅಲ್ಲಿ ಸೇರಿದ ಮೇಲೆ ಲೆಟರ್ ನೋಡುವ ಹಕ್ಕು ನಿಮಗಿರುತ್ತದೆ. ಅದನ್ನು ಬಿಟ್ಟುಕೊಡುತ್ತೀರಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ. ಬಿಟ್ಟುಕೊಡಿ. ವಿದ್ಯಾರ್ಥಿ ನೋಡುತ್ತಾನೆ ಅಂತ ಗೊತ್ತಿದ್ದು ಬರೆದ ಹೊಗಳಿಕೆಯನ್ನು ಓದುವವರು ಅಷ್ಟು ನಂಬುವುದಿಲ್ಲ. ಫಾರ್ಮಿನಲ್ಲಿ ವಿದ್ಯಾರ್ಥಿ ಉಳಿದವರ ನಡುವೆ ಎಲ್ಲಿ ನಿಲ್ಲುತ್ತಾನೆ ಅಂತ ಗುರುತು ಹಾಕಲು ಮೇಲಿನ ಶೇ. 5, ಶೇ. 10 ಅಂತೆಲ್ಲ ಖಾನೆಗಳೂ ಇರುತ್ತವೆ. ಎಲ್ಲರನ್ನೂ ಮೊದಲ ಖಾನೆಗೆ ಹಾಕಲು ನನ್ನಿಂದಾಗದು. ಬೇಜಾರಾದರೆ ಆಗಲಿ.

ಇನ್ನು ಕೊನೇ ತಾರೀಖು. ಡಿಸೆಂಬರ್ 15 ಅಂತಿದ್ದರೆ ನವೆಂಬರ್ ಮೊದಲ ವಾರವೇ ಬನ್ನಿ. ರೆಸ್ಯೂಮೆ, ಮಾರ್ಕ್ಸ್ ಕಾರ್ಡ್, ಯೂನಿವರ್ಸಿಟಿಗಳ ಪಟ್ಟಿ ಒಂದೇ ಮೇಲ್‌ನಲ್ಲಿ ಇರಲಿ. ಲಿಂಕ್ ಸ್ಪ್ಯಾಮ್‌ಗೆ ಹೋಗಿರಬಹುದು, ಕೇಳಿ. ವಾರ ಮುಂಚೆ ಒಮ್ಮೆ ನೆನಪಿಸಿದರೆ ನಾನೇನೂ ಬೈಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಮೇಡಂರೀ, ಇವತ್ತ ಲಾಸ್ಟ್ ಡೇಟ್ ಐತ್ರಿ" ಅಂದವರಿಗೆ ಮಾತ್ರ ಬೈದೇ ಅಪ್‌ಲೋಡ್ ಮಾಡುತ್ತೇನೆ.