ಹನ್ನೊಂದು ದಿನ

ದಕ್ಷಿಣ ಆಫ್ರಿಕಾದ ಸೊವೆಟೊದ ವಿಲಕಾಜಿ ಬೀದಿಯಲ್ಲಿರುವ 8115ನೇ ನಂಬರಿನ ಮನೆಯನ್ನು, ನೆಲ್ಸನ್ ಮಂಡೇಲಾರ ಹಳೆಯ ಮನೆಯನ್ನು, ನೋಡಿ ಬಂದು ನಾಲ್ಕು ದಿನಗಳಾದವು. ಅಲ್ಲಿ ಕಿವಿಗೆ ಬಿದ್ದ ಒಂದು ಪ್ರಶ್ನೆ ಮತ್ತು ಅದಕ್ಕೆ ಸಿಕ್ಕ ಉತ್ತರ ಇನ್ನೂ ನನ್ನನ್ನು ಬಿಟ್ಟಿಲ್ಲ. "ಸೆರೆಯಿಂದ ಬಂದ ಮೇಲೆ ಮಂಡೇಲಾ ಇಲ್ಲಿ ಎಷ್ಟು ವರ್ಷ ಇದ್ದರು?" ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ಕೇಳಿದರು. ಮನೆ ತೋರಿಸುತ್ತಿದ್ದ ತರುಣಿ, "ಹನ್ನೊಂದು ದಿನ" ಎಂದಳು.

ವರ್ಷದ ಲೆಕ್ಕ ಕೇಳಿದವರಿಗೆ ದಿನದ ಲೆಕ್ಕ ಸಿಕ್ಕಿತು. ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದು, 1990ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಮನುಷ್ಯನಿಗೆ ತನ್ನ ಮನೆ ದಕ್ಕಿದ್ದು ಅಷ್ಟೇ ಎಂದು ಆ ಕ್ಷಣ ಮನಸ್ಸು ಮರುಗಿತು. ಆದರೆ ರಾತ್ರಿ ಮಲಗಿದಾಗ ಅದೇ ಮಾತು ಬೇರೆಯಾಗಿ ಕೇಳಿಸತೊಡಗಿತು: ಉಳಿದ ದಿನಗಳನ್ನೆಲ್ಲ ಇಲ್ಲಿ ಕಳೆದವರು ಯಾರು?

ಬೆಂಕಿಪೊಟ್ಟಣವೆಂದೇ ಕರೆಯಲಾಗುವ ಇಟ್ಟಿಗೆಯ ಪುಟ್ಟ ಮನೆಗಳಲ್ಲಿ ಇದೂ ಒಂದು. 1946ರಲ್ಲಿ ಮಂಡೇಲಾ ಮೊದಲ ಪತ್ನಿ ಎವೆಲಿನ್ ಅವರೊಂದಿಗೆ ಇಲ್ಲಿಗೆ ಬಂದರು. ಆ ದಾಂಪತ್ಯ ಮುರಿದ ಮೇಲೆ 1958ರಲ್ಲಿ ಎರಡನೆಯ ಪತ್ನಿ ವಿನ್ನಿ ಈ ಮನೆ ಸೇರಿದರು. ನಾಲ್ಕೇ ವರ್ಷಗಳಲ್ಲಿ, 1962ರ ಆಗಸ್ಟ್‌ನಲ್ಲಿ, ಮಂಡೇಲಾರ ಬಂಧನವಾಯಿತು. ಅಲ್ಲಿಂದ ಮುಂದೆ ಇದು ವಿನ್ನಿಯವರ ಮನೆ. 1969ರ ಮೇ ತಿಂಗಳಲ್ಲಿ ಪೊಲೀಸರು ಮಕ್ಕಳ ಕಣ್ಣೆದುರೇ ಅವರನ್ನು ಇಲ್ಲಿಂದ ಎಳೆದೊಯ್ದರು. ಅವರು ಸೆರೆಯಲ್ಲಿ ಕಳೆದದ್ದು 491 ದಿನ. 1977ರಲ್ಲಿ ಬ್ರ್ಯಾಂಡ್‌ಫೋರ್ಟ್ ಎಂಬ ದೂರದ ಊರಿಗೆ ಗಡೀಪಾರು ಮಾಡಿದರು. ಹೊರಗೋಡೆಯಲ್ಲಿ ಗುಂಡಿನ ಗುರುತುಗಳಿವೆ. ಒಳಗೆ, ಗುಂಡುಗಳಿಗೆ ಅಡ್ಡವಾಗಿರಲೆಂದು ಎಬ್ಬಿಸಿದ ಗೋಡೆಯೊಂದನ್ನು ಆ ತರುಣಿ ತೋರಿಸಿದಳು. ಗುಂಪಿನ ಬಹುತೇಕರು ಅದನ್ನು ದಾಟಿ, ಅಮೆರಿಕದ ಬಾಕ್ಸರ್ ಶುಗರ್ ರೇ ಲೆನಾರ್ಡ್ ಮಂಡೇಲಾರಿಗೆ ಕೊಟ್ಟ ಬಾಕ್ಸಿಂಗ್ ಬೆಲ್ಟ್‌ನ ಎದುರು ನಿಂತರು. ನನಗೆ ಅದು ಸರಿಯೆನಿಸಲಿಲ್ಲ. ಬೆಲ್ಟ್ ಎಲ್ಲಿಟ್ಟರೂ ಬೆಲ್ಟೇ. ಆ ಗೋಡೆ ಈ ಮನೆಯಲ್ಲಿ ಮಾತ್ರ ಇರಬಲ್ಲದು.

ಸುಟ್ಟ ಕಲೆಗಳನ್ನು ಕಂಡು, ಇದೂ ಪೊಲೀಸರ ಕೆಲಸವೇ ಎಂದು ಕೇಳಿದೆ. "ಎಲ್ಲವೂ ಅಲ್ಲ. 1988ರಲ್ಲಿ ಮನೆಗೆ ಬೆಂಕಿ ಹಚ್ಚಿದವರು ಇಲ್ಲಿಯ ಶಾಲೆಯ ಹುಡುಗರು" ಎಂದಳು. ವಿನ್ನಿಯವರ ಸುತ್ತ ಬೆಳೆದಿದ್ದ ಫುಟ್‌ಬಾಲ್ ಕ್ಲಬ್ಬಿನ ಯುವಕರ ದೌರ್ಜನ್ಯಕ್ಕೆ ನೆರೆಹೊರೆಯೇ ಸಿಡಿದೆದ್ದಿತ್ತು. ಆ ಕ್ಲಬ್ಬಿನ ಕೃತ್ಯಗಳಿಗೆ, ವರ್ಣಭೇದದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗ ಮುಂದೆ ವಿನ್ನಿಯವರನ್ನೇ ಹೊಣೆ ಮಾಡಿತು. ಪ್ರವಾಸಿಗರಿಗೆ ಹಿತವಾಗುವ ಉತ್ತರ ಕೊಟ್ಟು ಸಾಗಹಾಕಬಹುದಾಗಿದ್ದ ಕಡೆ ಇದನ್ನು ಹೇಳಿದ ಆ ಹುಡುಗಿಯ ಮೇಲೆ ನನಗೆ ಗೌರವ ಮೂಡಿತು. ವಿನ್ನಿಯವರ ತಪ್ಪುಗಳನ್ನು ನಾನು ಮುಚ್ಚಿಡಲಾರೆ. ಹಾಗೆಂದು ಆ ಗೋಡೆಯ ಮರೆಯಲ್ಲಿ ಬದುಕಿದ ವರ್ಷಗಳನ್ನು ಅವರಿಂದ ಕಿತ್ತುಕೊಳ್ಳಲೂ ಆರೆ.

ಹನ್ನೊಂದು ದಿನ. ಆ ಹಿರಿಯರು ವಿನ್ನಿಯವರ ವರ್ಷಗಳನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಕ್ಕಳದ್ದನ್ನಂತೂ ಯಾರೂ ಕೇಳಲಿಲ್ಲ. ತಂದೆಯ ಬಂಧನವಾದಾಗ ಝೆನಾನಿಗೆ ಮೂರು ವರ್ಷ, ಝಿಂಡ್ಜಿಗೆ ಎರಡೂ ತುಂಬಿರಲಿಲ್ಲ. ತಂದೆ ಈ ಬಾಗಿಲಿಗೆ ಮರಳುವ ಹೊತ್ತಿಗೆ ಆ ಇಬ್ಬರು ಹೆಣ್ಣುಮಕ್ಕಳೂ ತಾಯಂದಿರಾಗಿದ್ದರು.