ಗ್ರೀನಿಶ್ಶಾ, ಗ್ರೀನಾ?

ಚಳಿಗಾಲ ಬಂತೆಂದರೆ ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ಎಲೆ ಉಲಿಯಕ್ಕಿಗಳ (ಲೀಫ್ ವಾರ್ಬ್ಲರ್) ಗಲಾಟೆ. ಸಿಲ್ವರ್ ಓಕ್, ಹಲಸು, ಅತ್ತಿ, ಯಾವ ಮರವಾದರೂ ಸರಿ, ಮೇಲೆಲ್ಲೋ ಒಂದು ಕೂಗುತ್ತಿರುತ್ತದೆ. ಕಣ್ಣಿಗೆ ಸಿಗುವುದು ಮಾತ್ರ ಕಷ್ಟ. ಗುಬ್ಬಿಗಿಂತ ಚಿಕ್ಕದು, ಮೈಗೆ ಎಲೆಯದೇ ಬಣ್ಣ. ಸಿಕ್ಕರೂ ಕಾಣುವುದು ಕಣ್ಣಿನ ಮೇಲಿನ ಮಾಸಲು ಹುಬ್ಬು, ರೆಕ್ಕೆಯ ಮೇಲಿನ ತೆಳ್ಳನೆ ಗೆರೆ, ಅಷ್ಟೇ.

ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಇದನ್ನು ಗ್ರೀನಿಶ್ ವಾರ್ಬ್ಲರ್ ಅಂತ ಬರೆಯಬೇಕೋ, ಗ್ರೀನ್ ವಾರ್ಬ್ಲರ್ ಅಂತಲೋ? ಗ್ರೀನ್‌ನ ಎದೆ ಸ್ವಲ್ಪ ಜಾಸ್ತಿ ಹಳದಿ. ಆದರೆ ಚಳಿಗಾಲ ಕಳೆಯುವ ಹೊತ್ತಿಗೆ ಗರಿ ಸವೆದು ಆ ಹಳದಿಯೂ ಮಾಸಿರುತ್ತದೆ. ನಂಬಬಹುದಾದದ್ದು ಕೂಗೊಂದೇ. ಗ್ರೀನಿಶ್‌ನದು ಎರಡು ತುಂಡಿನ ಕೂಗು, ಗ್ರೀನ್‌ನದು ಮೂರು.

ಗೊಂದಲದ ಬೇರು ಇರುವುದು ಇವು ಗೂಡು ಕಟ್ಟುವ ಕಡೆ. ಹಿಮಾಲಯದಿಂದ ಈ ಗುಂಪು ಟಿಬೆಟ್ ಪ್ರಸ್ಥಭೂಮಿಯ ಎರಡೂ ಬದಿಯಲ್ಲಿ ಉತ್ತರಕ್ಕೆ ಹಬ್ಬಿದೆ. ಚಾಮರಾಜನಗರದಿಂದ ಬೀದರ್‌ವರೆಗೆ ಕನ್ನಡ ಊರೂರಿಗೆ ಬದಲಾಗುವ ಹಾಗೆ ಇವುಗಳ ಹಾಡೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಕೊನೆಗೆ ಸೈಬೀರಿಯಾದಲ್ಲಿ ಎರಡು ತುದಿಗಳೂ ಎದುರಾದಾಗ ಒಂದರ ಹಾಡನ್ನು ಇನ್ನೊಂದು ತನ್ನದೆಂದು ಗುರುತಿಸುವುದೇ ಇಲ್ಲ. ಪಕ್ಷಿತಜ್ಞ ಟೈಸ್‌ಹರ್ಸ್ಟ್ 1938ರಲ್ಲೇ ಈ ಬಳಗದ ಬಗ್ಗೆ ಬರೆದರು. ಜೀವವಿಜ್ಞಾನಿ ಡ್ಯಾರೆನ್ ಅರ್ವಿನ್ ಮತ್ತು ಜೊತೆಗಾರರು ಹಾಡುಗಳನ್ನು ಧ್ವನಿಮುದ್ರಿಸಿ, ಹಕ್ಕಿಗಳಿಗೇ ಕೇಳಿಸಿ ನೋಡಿ, 2001ರಲ್ಲಿ ಪ್ರಕಟಿಸಿದರು. 2014ರಲ್ಲಿ ಜೀನುಗಳನ್ನು ಇನ್ನಷ್ಟು ವಿವರವಾಗಿ ತಡಕಿದಾಗ ಕಥೆ ಇನ್ನೂ ಗೋಜಲಾಯಿತು. ಟಿಬೆಟ್ ಸುತ್ತಲಿನ ಈ ಸರಪಳಿಯ ನಡುವೆ ಹಿಂದೆ ಒಡಕುಗಳಿದ್ದವಂತೆ. ಬೆರೆಯುವುದಿಲ್ಲ ಎಂದುಕೊಂಡಿದ್ದ ಎರಡು ತುದಿಗಳ ನಡುವೆಯೂ ಚೂರುಪಾರು ಜೀನು ದಾಟಿದೆಯಂತೆ!

ಸೈಬೀರಿಯಾದ ಆ ಎರಡಕ್ಕೆ ಎರಡು ಹೆಸರು ಕೊಟ್ಟರೆ ನನ್ನ ತಕರಾರಿಲ್ಲ. ಅಲ್ಲಿ ಹಕ್ಕಿಗಳೇ ತೀರ್ಮಾನ ಮಾಡಿವೆ. ಕಾಕಸಸ್, ಉತ್ತರ ಇರಾನ್ ಕಡೆಯಿಂದ ನಮ್ಮಲ್ಲಿಗೆ ಬರುವ ಗ್ರೀನ್ ಹಾಗಲ್ಲ. ಅದು ಮರಿ ಮಾಡುವ ಜಾಗ ಹೆಚ್ಚಿನಂಶ ಉಳಿದವುಗಳಿಂದ ದೂರ. ಎದುರಾದರೆ ಬೆರೆಯುತ್ತವೋ ಇಲ್ಲವೋ ಎಂದು ನೋಡುವ ಅವಕಾಶವೇ ಕಡಿಮೆ. ಹಾಗಾಗಿ ಅದನ್ನು ಬೇರೆ ಮಾಡಿದ್ದು ಮನುಷ್ಯರ ತೀರ್ಮಾನ. ತಪ್ಪು ಅನ್ನುತ್ತಿಲ್ಲ. ಪಟ್ಟಿ ಅಂದಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅಲ್ವಾ?

ಹಾಗಂತ ಮರದ ತುದಿಯಲ್ಲಿ ಅರೆಗಳಿಗೆ ಕಂಡು ಮಾಯವಾದದ್ದಕ್ಕೆಲ್ಲ ಸುಮ್ನೆ ಒಂದು ಹೆಸರು ಅಂಟಿಸುವುದು ನನಗಾಗದು. ಇ-ಬರ್ಡ್‌ನಲ್ಲಿ 'ಗ್ರೀನ್/ಗ್ರೀನಿಶ್' ಎಂಬ ಆಯ್ಕೆಯಿದೆ, ಅದನ್ನೇ ಒತ್ತುತ್ತೇನೆ. ಬೆಂಗಳೂರಿನ ಗೆಳೆಯನೊಬ್ಬ ಇದು ಸೋಮಾರಿತನ ಅಂತ ರೇಗಿಸುತ್ತಾನೆ. ಹಾಗೆ ಬರೆದರೆ ಜೀವಮಾನದಲ್ಲಿ ಕಂಡ ಜಾತಿಗಳ ಪಟ್ಟಿಗೆ ಲೆಕ್ಕ ಸಿಗುವುದಿಲ್ಲ ಎಂಬುದು ಅವನ ಸಂಕಟ. ಒಂದು ಜಾತಿ ಒಡೆದು ಎರಡಾದಾಗೆಲ್ಲ ಮನೆಯಲ್ಲಿ ಕೂತಲ್ಲೇ ಅವನಿಗೆ ಒಂದು ಹಕ್ಕಿ ಜಾಸ್ತಿಯಾಗುತ್ತದೆ, ಆಗ ಮಾತ್ರ ತುಟಿ ಬಿಚ್ಚುವುದಿಲ್ಲ.

ನೀವೂ ಈ ಹಕ್ಕಿಗಳ ಹಿಂದೆ ಬಿದ್ದಿದ್ದರೆ ಮೊಬೈಲಿನಲ್ಲಿ ಕೂಗು ರೆಕಾರ್ಡ್ ಮಾಡಿ ಪಟ್ಟಿಯ ಜೊತೆ ಸೇರಿಸಿ. ನಾಳೆ ಗೆರೆ ಬೇರೆ ಕಡೆ ಸರಿದರೂ, ಕೇಳಿದವರು ನಿಮ್ಮ ಹಕ್ಕಿಯನ್ನು ಸರಿಯಾದ ಕಡೆ ಸೇರಿಸಬಹುದು. ಫೋಟೊ ಇದ್ದರೆ ಹಾಕಿ. ಈ ಗುಂಪಿನಲ್ಲಿ ಅದರಿಂದ ಅಷ್ಟೇನೂ ಪ್ರಯೋಜನವಿಲ್ಲ.