ಬಲಕ್ಕೆ ತಿರುಗುವ ಮೊದಲು ಕಾಯುವ ಜಾಗ ಗೊತ್ತಿರಲಿ

ಕಾಸರಗೋಡಿನಲ್ಲಿ ಕಾರು ಕಲಿಯಲು ಬರುವವರ ಮೊದಲ ಚಿಂತೆ ‘ಎಚ್’, ಅಂದರೆ ಎಚ್ ಅಕ್ಷರದ ಆಕಾರದಲ್ಲಿ ಗಾಡಿ ಓಡಿಸಿ ತೋರಿಸುವ ಟೆಸ್ಟ್. ಕಂಬಕ್ಕೆ ತಾಗದೆ ಹಿಂದೆ ಮುಂದೆ ತೆಗೆದರೆ ಲೈಸನ್ಸ್ ಕೈಗೆ ಬಂದಂತೆಯೇ ಎಂಬ ಲೆಕ್ಕ. ಆದರೆ ಎಚ್ ಹಾಕಿದ ಗ್ರೌಂಡಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಜಂಕ್ಷನ್‌ನಲ್ಲಿ ಬರುತ್ತಾರೆ, ಅದೂ ಮೂರು ಕಡೆಯಿಂದ. ಡ್ರೈವಿಂಗ್ ಸ್ಕೂಲಿನ ಪಕ್ಕದ ಸೀಟಿನಲ್ಲಿ ಕೂತವರಿಗೆ ದಿನಾ ಕಾಣುವ ಸಂಗತಿ ಇದು: ಬಲತಿರುವಿನಲ್ಲಿ ಸ್ಟೇರಿಂಗ್ ತಪ್ಪುವವರು ಕಡಿಮೆ, ನಿಲ್ಲುವ ಜಾಗ ತಪ್ಪುವವರೇ ಹೆಚ್ಚು. ಎಲ್ಲಿ ನಿಂತು ಕಾಯಬೇಕು, ಯಾರು ಹೋದ ಮೇಲೆ ಹೊರಡಬೇಕು ಎಂಬುದು ಗಟ್ಟಿಯಾದರೆ ಉಳಿದದ್ದು ಕೈಗೆ ತಾನಾಗಿ ಬರುತ್ತದೆ.

ಬಲತಿರುವೇ ಯಾಕೆ ಕಷ್ಟ? ನಾಲ್ಕು ರಸ್ತೆ ಕೂಡುವ ಸಾಮಾನ್ಯ ಜಂಕ್ಷನ್‌ನಲ್ಲಿ ಗಾಡಿಗಳ ದಾರಿಗಳು ಸೇರುವ, ಒಡೆಯುವ, ಅಡ್ಡ ಹಾಯುವ ಜಾಗಗಳು ಒಟ್ಟು 32. ಅಡ್ಡ ಹಾಯುವಂಥವು 16, ಅವುಗಳಲ್ಲಿ 12 ಬಲಕ್ಕೆ ತಿರುಗುವವರಿಂದಲೇ ಆಗುವಂಥವು. ಮೂರು ರಸ್ತೆ ಕೂಡುವಲ್ಲಿ ಒಟ್ಟು 9. ಒಂದೇ ಲೇನಿನ ಸರ್ಕಲ್ ಇದ್ದರೆ ನಾಲ್ಕು ರಸ್ತೆ ಕೂಡಿದರೂ 8, ಅದರಲ್ಲಿ ಅಡ್ಡ ಹಾಯುವುದು ಒಂದೂ ಇಲ್ಲ. ಲೋಕದಲ್ಲಿ ಎಲ್ಲೆಲ್ಲಿ ವಿಚಿತ್ರವಾಗಿ ತಿರುಗಲು ಹೇಳುತ್ತಾರೋ ಅಲ್ಲೆಲ್ಲ ಉದ್ದೇಶ ಹೆಚ್ಚುಕಡಿಮೆ ಒಂದೇ: ಈ 12ನ್ನು ಕಡಿಮೆ ಮಾಡುವುದು, ಅಥವಾ ಬಲಕ್ಕೆ ಹೋಗುವವನು ನೇರ ಹೋಗುವವರ ದಾರಿಯಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು.

ಮೊದಲು ಸಾದಾ ಬಲತಿರುವು. ಕನ್ನಡಿ ನೋಡಿ, ಕನಿಷ್ಠ 30 ಮೀಟರ್ ಮೊದಲೇ ಇಂಡಿಕೇಟರ್ ಹಾಕಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲೂ ಆ ದೂರ ನಾಲ್ಕು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ, ಹಾಗಾಗಿ ತಡ ಮಾಡಬಾರದು. ನಿಧಾನವಾಗಿ ರಸ್ತೆಯ ನಡುಗೆರೆಯ ಹತ್ತಿರಕ್ಕೆ ಬನ್ನಿ. ಎಡ ಅಂಚಿನಲ್ಲಿ ಹೋಗುತ್ತಿದ್ದು ಅಲ್ಲಿಂದಲೇ ಬಲಕ್ಕೆ ಎಳೆಯುವುದು ನಮ್ಮ ಊರಿನ ದೊಡ್ಡ ರೋಗ, ಸ್ಕೂಟರಿನವರಲ್ಲಿ ವಿಶೇಷವಾಗಿ. ನೀವು ನಡುವಿಗೆ ಬಂದು ಇಂಡಿಕೇಟರ್ ಹಾಕಿದ್ದರೆ ಹಿಂದಿನವರು ನಿಮ್ಮ ಎಡದಿಂದ ಹೋಗಬೇಕು. ಎಡದಲ್ಲೇ ಇದ್ದರೆ ಬಲದಿಂದ ಓವರ್‌ಟೇಕ್ ಮಾಡಲು ಬಂದವನು ನೇರ ನಿಮ್ಮ ಬಾಗಿಲಿಗೆ ಬರುತ್ತಾನೆ.

ಕಾಯುವ ಜಾಗ ಎಂದರೆ ಜಂಕ್ಷನ್‌ನ ನಡುಬಿಂದುವಿಗೆ ಸ್ವಲ್ಪ ಮೊದಲು. ಎರಡೂ ರಸ್ತೆಗಳ ನಡುಗೆರೆಗಳು ಕೂಡುವ ಬಿಂದುವನ್ನು ಮನಸ್ಸಿನಲ್ಲೇ ಹಾಕಿಕೊಳ್ಳಿ. ಆ ಬಿಂದು ನಿಮ್ಮ ಬಲಗೈಗೆ ಉಳಿಯುವಂತೆ ಸುತ್ತಿ, ಹೊಸ ರಸ್ತೆಯ ಎಡಭಾಗಕ್ಕೆ ಸೇರಬೇಕು. ಹೆಚ್ಚಿನವರು ಬಿಂದುವಿನ ಒಳಗಿನಿಂದ ಕತ್ತರಿಸಿ ಹೋಗುತ್ತಾರೆ. ಹಾಗೆ ಹೋದರೆ ಆ ರಸ್ತೆಯಿಂದ ಹೊರಬರಲು ನಿಂತ ಗಾಡಿಯ ಮೂತಿಗೆ ನಿಮ್ಮ ಮೂತಿ ತಾಗುತ್ತದೆ. ಪ್ರೆಸ್ ಕ್ಲಬ್ ಜಂಕ್ಷನ್‌ನಂಥ ಇಕ್ಕಟ್ಟಿನ ಜಾಗದಲ್ಲಿ ಒಬ್ಬರು ಹೀಗೆ ಕತ್ತರಿಸಿದರೆ ಸಾಕು, ಎರಡೂ ಕಡೆ ಹಾರ್ನ್ ಶುರು.

ಕಾಯುವಾಗ ಚಕ್ರ ನೇರವಾಗಿಯೇ ಇರಲಿ. ಮೊದಲೇ ಬಲಕ್ಕೆ ತಿರುಗಿಸಿ ಇಟ್ಟುಕೊಂಡಿದ್ದಾಗ ಹಿಂದಿನಿಂದ ಯಾರಾದರೂ ಗುದ್ದಿದರೆ ಗಾಡಿ ನೇರ ಎದುರಿನ ಲೇನಿಗೆ ನುಗ್ಗುತ್ತದೆ. ಚಕ್ರ ನೇರ ಇದ್ದರೆ ಪೆಟ್ಟು ಹಿಂದಿನದ್ದಕ್ಕೇ ಮುಗಿಯುತ್ತದೆ.

ಇನ್ನೊಂದು, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಎದುರಿನ ಬಸ್ಸಿನವರು ನಿಂತು ‘ಹೋಗಿ’ ಎಂದು ಕೈ ತೋರಿಸುತ್ತಾರೆ. ಕಲಿಯುವವರು ಆ ಉಪಕಾರಕ್ಕೆ ಮರ್ಯಾದೆ ಕೊಡಲು ಗಡಿಬಿಡಿಯಲ್ಲಿ ಹೊರಡುತ್ತಾರೆ. ಬಸ್ಸಿನ ಆಚೆ ಬದಿಯಿಂದ, ಅಂದರೆ ಬಸ್ಸಿನ ಎಡದಿಂದ, ಬೈಕ್ ಬರುತ್ತಿರುತ್ತದೆ. ಬಸ್ಸಿನವರಿಗೆ ಅದು ಕಾಣಿಸಿರುವುದಿಲ್ಲ, ನಿಮಗಂತೂ ಬಸ್ಸೇ ಮರೆ. ಕೈ ತೋರಿಸಿದ್ದು ಬಸ್ಸಿನ ಪರವಾಗಿ ಮಾತ್ರ ಎಂದು ತಿಳಿಯಬೇಕು. ಕ್ಲಚ್ ಪೆಡಲ್ ಅರ್ಧ ಮಾತ್ರ ಬಿಟ್ಟ ಹಾಫ್ ಕ್ಲಚ್‌ನಲ್ಲಿ ಬಸ್ಸಿನ ಮೂಗಿನ ತನಕ ಬಂದು ನಿಲ್ಲಿ, ಆಚೆ ಬದಿ ಇಣುಕಿ ನೋಡಿ, ಆಮೇಲೆ ದಾಟಿ.

ಸಿಗ್ನಲ್ ಇಲ್ಲದ ಜಂಕ್ಷನ್‌ನಲ್ಲಿ ಸಣ್ಣ ರಸ್ತೆಯವನು ಮುಖ್ಯರಸ್ತೆಯವನಿಗೆ ದಾರಿ ಬಿಡಬೇಕು. ಎರಡೂ ಸಮಾನವಾದರೆ ನಿಮ್ಮ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ದೊಡ್ಡ ಗಾಡಿಗೆ ಮೊದಲ ಹಕ್ಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ಆದರೂ ರಸ್ತೆಯಲ್ಲಿ ಅದೇ ನಡೆಯುತ್ತದೆ ಎಂಬುದನ್ನು ಮರೆಯಬೇಡಿ.

ಈಗ ರಾಷ್ಟ್ರೀಯ ಹೆದ್ದಾರಿ 66. ಆರು ಲೇನ್ ಆದ ಮೇಲೆ ನಮ್ಮ ಜಿಲ್ಲೆಯವರ ತಿರುಗುವ ಅಭ್ಯಾಸವನ್ನೇ ಅದು ಬದಲಿಸಿತು. ಮೊದಲು ಉಪ್ಪಳ, ಕುಂಬಳೆ, ಚೆರ್ಕಳದಲ್ಲಿ ಹೆದ್ದಾರಿಯ ನಡುವೆ ನಿಂತು ಬಲಕ್ಕೆ ಎಳೆದರೆ ಆಯಿತು. ಈಗ ನಡುವೆ ತಡೆಗೋಡೆ. ಬಲಗಡೆಯ ಊರಿಗೆ ಹೋಗಬೇಕಾದವನು ಮೊದಲು ಎಡಕ್ಕೆ ಸರ್ವೀಸ್ ರೋಡಿಗೆ ಇಳಿದು, ಅಂಡರ್‌ಪಾಸ್ ಅಡಿಯಿಂದ ದಾಟಿ, ಆಚೆಯ ಸರ್ವೀಸ್ ರೋಡ್ ಹಿಡಿಯಬೇಕು. ಬಲಕ್ಕೆ ಹೋಗಲು ಎಡ ಇಂಡಿಕೇಟರ್ ಹಾಕುವುದು ಹೊಸಬರಿಗೆ ಗೊಂದಲ, ಹಳಬರಿಗೆ ಸಿಟ್ಟು.

ಇಳಿಯುವ ತೆರಪು ಕಂಡ ಮೇಲೆ ಲೇನ್ ಬದಲಿಸಲು ಹೊರಟರೆ ತಡವಾಯಿತು. ಬೋರ್ಡ್ ಕಂಡಾಗಲೇ ಎಡದ ಲೇನಿಗೆ ಬನ್ನಿ. ವೇಗವನ್ನು ಹೆದ್ದಾರಿಯಲ್ಲಿ ಒಮ್ಮೆಲೇ ಇಳಿಸದೆ, ತೆರಪಿನೊಳಗೆ ಸೇರುತ್ತಾ ಇಳಿಸಿ. ಸರ್ವೀಸ್ ರೋಡಿನಲ್ಲಿ ಆಗಲೇ ಬರುತ್ತಿರುವವರಿಗೆ ದಾರಿ ಬಿಡಿ. ಆ ರಸ್ತೆ ಒಂದೇ ದಿಕ್ಕಿನದೋ ಎರಡು ದಿಕ್ಕಿನದೋ ಎಂಬುದನ್ನು ಅಲ್ಲಿನ ಬೋರ್ಡ್ ಹೇಳಬೇಕು. ಬೋರ್ಡ್ ಕಾಣದಲ್ಲಿ ಎದುರಿನಿಂದ ಗಾಡಿ ಬಂದೇ ಬರುತ್ತದೆ ಎಂದು ನಂಬಿ ಓಡಿಸಿ.

ಅಂಡರ್‌ಪಾಸ್ ಬಾಯಿಯೇ ನಿಜವಾದ ಜಂಕ್ಷನ್. ಅಲ್ಲಿ ಗೋಡೆ ಸಮಕೋನದಲ್ಲಿ ನಿಂತಿರುತ್ತದೆ, ಒಳಗಿನಿಂದ ಬರುವವನು ನಿಮಗೆ ಕಾಣುವುದಿಲ್ಲ, ನೀವು ಅವನಿಗೆ ಕಾಣುವುದಿಲ್ಲ. ಗೋಡೆಯ ಅಂಚಿಗೆ ಒರಸಿಕೊಂಡು ತಿರುಗಬೇಡಿ. ಅಂಚಿನಿಂದ ಒಂದೂವರೆ ಎರಡು ಮೀಟರ್ ದೂರ ಇಟ್ಟು, ಮೊದಲನೇ ಗೇರಿನಲ್ಲಿ ಮೂತಿ ಮಾತ್ರ ಮುಂದೆ ತಂದು ಕಾಯಿರಿ. ಹಗಲಲ್ಲಿ ಹಾರ್ನ್, ರಾತ್ರಿ ಹೆಡ್‌ಲೈಟ್ ಒಮ್ಮೆ ಮಿನುಗಿಸುವುದು. ಬಿಸಿಲಿನಿಂದ ಒಳಗೆ ಹೊಕ್ಕಾಗ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ನಡೆದು ಹೋಗುವವರು ಕಾಣಿಸುವುದಿಲ್ಲ. ಮಳೆಗಾಲದಲ್ಲಿ ನೀರು ನಿಂತಿದ್ದರೆ ಮುಂದಿನ ಗಾಡಿ ಪೂರ್ತಿ ದಾಟುವ ತನಕ ಹೊರಗೇ ನಿಲ್ಲಿ. ನಡುವೆ ಅದು ನಿಂತರೆ ನೀವೂ ನೀರಲ್ಲೇ ನಿಲ್ಲಬೇಕಾಗುತ್ತದೆ.

ಅಂಡರ್‌ಪಾಸ್ ದೂರ ಎಂದು ಸರ್ವೀಸ್ ರೋಡಿನಲ್ಲಿ ಉಲ್ಟಾ ಬರುವವರ ಸಂಗತಿ ಎಲ್ಲರಿಗೂ ಗೊತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಮೇಲೆ, ನಿಗದಿಯಾದ ದಿಕ್ಕಿಗೆ ಎದುರಾಗಿ ಅಪಾಯ ಆಗುವಂತೆ ಓಡಿಸುವುದು 184ನೇ ಸೆಕ್ಷನ್‌ನ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿದೆ. ಮೊದಲ ಸಲಕ್ಕೆ ದಂಡ 1000ದಿಂದ 5000 ರೂಪಾಯಿ, ಜೈಲಿನ ಅವಕಾಶವೂ ಇದೆ. ಕೆಂಪು ದೀಪ ಹಾರುವುದೂ ಅದೇ ಪಟ್ಟಿಯಲ್ಲಿ. ಚಾಲನಾ ನಿಯಮಾವಳಿಯ ಉಳಿದ ಸಾಮಾನ್ಯ ತಪ್ಪುಗಳಿಗೆ 177ಎ ಪ್ರಕಾರ 500ರಿಂದ 1000 ರೂಪಾಯಿ. ಈಗ ಜಾರಿಯಲ್ಲಿರುವುದು 2017ರ ನಿಯಮಾವಳಿ. ಕೆಲವು ಹಳೆಯ ಗೈಡ್ ಪುಸ್ತಕಗಳಲ್ಲಿ ಇನ್ನೂ 1989ರದ್ದೇ ಇದೆ.

ತಲಪಾಡಿ ದಾಟಿ ಮಂಗಳೂರಿನ ಕಡೆಗೆ ಹೋದರೆ ಡಿವೈಡರ್‌ನಲ್ಲಿ ತೆರಪು ಸಿಗುವ ರಸ್ತೆ. ಅಲ್ಲಿ ಯು ಟರ್ನ್ ಲೆಕ್ಕ ಬೇರೆ. ನಿಂತಲ್ಲಿಂದ ಹೊರಟು, ತಿರುಗಿ, ಆಚೆಯ ಲೇನಿನಲ್ಲಿ ಸರಿಯಾದ ವೇಗ ಹಿಡಿಯಲು ಸಾಮಾನ್ಯ ಕಾರಿಗೆ ಆರೇಳು ಸೆಕೆಂಡ್ ಬೇಕು. ಎದುರಿನವನು ಗಂಟೆಗೆ 80 ಕಿಲೋಮೀಟರ್‌ನಲ್ಲಿ ಬರುತ್ತಿದ್ದರೆ ಸೆಕೆಂಡಿಗೆ 22 ಮೀಟರ್, ಏಳು ಸೆಕೆಂಡಿಗೆ 150 ಮೀಟರ್ ದಾಟುತ್ತದೆ. ಬೀದಿದೀಪದ ಕಂಬಗಳ ನಡುವೆ 30 ಮೀಟರ್ ಎಂದಿಟ್ಟುಕೊಂಡರೆ ಐದು ಕಂಬ. ಐದನೇ ಕಂಬದ ಈಚೆ ಗಾಡಿ ಇದ್ದರೆ ಕಾಯಿರಿ. ರಾತ್ರಿ ಒಂದೇ ದೀಪ ಕಂಡರೆ ದೂರ ಅಂದಾಜಿಗೆ ಸಿಗುವುದೇ ಇಲ್ಲ, ಆ ಗಾಡಿ ದಾಟಿ ಹೋಗುವ ತನಕ ಕಾಯಿರಿ.

ಎಲ್ಲಿ ಕಾಯುವುದು? ಡಿವೈಡರ್ ನಾಲ್ಕೈದು ಮೀಟರ್ ಅಗಲ ಇದ್ದರೆ ಸಣ್ಣ ಕಾರು ತೆರಪಿನೊಳಗೆ ಅಡ್ಡ ನಿಲ್ಲಬಹುದು. ಒಂದೆರಡು ಮೀಟರಿನ ಡಿವೈಡರ್ ಆದರೆ ಕಾರಿನ ಹಿಂಭಾಗ ವೇಗದ ಲೇನಿನಲ್ಲಿ ಹೊರಚಾಚಿ ಉಳಿಯುತ್ತದೆ. ಅಂಥಲ್ಲಿ ಅಡ್ಡ ನಿಲ್ಲದೆ, ಡಿವೈಡರ್‌ಗೆ ಸಮಾನಾಂತರವಾಗಿ ನಿಂತು, ಪೂರ್ತಿ ತೆರವಾದ ಮೇಲೆ ಒಂದೇ ಸಲಕ್ಕೆ ತಿರುಗಬೇಕು. ಇನ್ನು ರಸ್ತೆಯ ಅಗಲ: ಹ್ಯಾಚ್‌ಬ್ಯಾಕ್ ಕಾರಿನ ತಿರುಗುವ ತ್ರಿಜ್ಯ ಸುಮಾರು 5 ಮೀಟರ್, ಅಂದರೆ ಒಂದೇ ಸಲಕ್ಕೆ ತಿರುಗಲು ಹತ್ತು ಮೀಟರ್ ಜಾಗ ಬೇಕು. ಬದಿಯಡ್ಕ, ಪೆರ್ಲದ ಕಡೆಯ ಎರಡು ಲೇನಿನ ಏಳು ಮೀಟರ್ ರಸ್ತೆಯಲ್ಲಿ ಅದು ಆಗುವ ಮಾತಲ್ಲ. ಆಟೋಗೆ ತ್ರಿಜ್ಯ ಮೂರು ಮೀಟರಿನ ಆಸುಪಾಸು, ಆದ್ದರಿಂದ ಅದು ಸಿಕ್ಕಲ್ಲಿ ತಿರುಗುತ್ತದೆ. ಅದನ್ನು ನೋಡಿ ಕಾರಿನವರು ಹುರುಪುಗೊಂಡರೆ ರಸ್ತೆಗೆ ಅಡ್ಡ ಸಿಕ್ಕಿಬೀಳುತ್ತಾರೆ.

ಎಡಕ್ಕೆ ತಿರುಗಿ, ಸ್ವಲ್ಪ ಮುಂದೆ ಯು ಟರ್ನ್ ಮಾಡಿ, ಮತ್ತೆ ನೇರ ಹೋಗುವುದು ಬಲಕ್ಕೆ ಹೋಗುವ ಇನ್ನೊಂದು ವಿಧ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಇದರ ಕನ್ನಡಿ ಬಿಂಬದಂಥ ಪದ್ಧತಿ ದಶಕಗಳಿಂದ ಇದೆ. ನಮ್ಮ ನಗರಗಳಲ್ಲೂ ಸಿಗ್ನಲ್ ತೆಗೆದು ಇದನ್ನೇ ಮಾಡುವುದುಂಟು. ಅಪಾಯ ಇರುವುದು ಎಡತಿರುವಿಗೂ ಯು ಟರ್ನ್ ತೆರಪಿಗೂ ನಡುವಿನ ಜಾಗದಲ್ಲಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಲೇನ್ ಬದಲಿಸಲು ನಾಲ್ಕು ಸೆಕೆಂಡ್ ಹಿಡಿದರೆ ಸುಮಾರು 45 ಮೀಟರ್ ಬೇಕು. ಎರಡು ಲೇನ್ ದಾಟಬೇಕಾದರೆ 90. ಅದಕ್ಕಿಂತ ಹತ್ತಿರ ತೆರಪು ಇದ್ದು ರಸ್ತೆ ತುಂಬಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಎಡತಿರುವಿನ ಬಗ್ಗೆ ಒಂದೇ ಮಾತು: ಫ್ರೀ ಲೆಫ್ಟ್ ಬೋರ್ಡ್ ಅಥವಾ ಹಸಿರು ಬಾಣ ಕಾಣದಿದ್ದರೆ ಕೆಂಪಿಗೆ ನಿಲ್ಲುವುದನ್ನೇ ನಾವು ಕಲಿಸುವುದು. ಬೋರ್ಡ್ ಇದ್ದರೂ ಜೀಬ್ರಾ ದಾಟುವವರಿಗೆ ಮೊದಲ ಹಕ್ಕು. ಉದ್ದದ ಬಸ್ಸು ಎಡಕ್ಕೆ ತಿರುಗುವ ಮೊದಲು ಬಲಕ್ಕೆ ಎಳೆದು ಎಡದಲ್ಲಿ ಜಾಗ ತೆರೆದರೆ ಸ್ಕೂಟರಿನವರು ಒಳಗೆ ನುಗ್ಗಬೇಡಿ. ಹಿಂಚಕ್ರ ಆ ಜಾಗದ ಮೇಲೆಯೇ ಬರುತ್ತದೆ.

ಮೆಲ್ಬರ್ನ್‌ಗೆ ಓದಲು ಹೋಗುವವರು ಕೇಳುವ ‘ಹುಕ್ ಟರ್ನ್’ ಈ ಎಲ್ಲದಕ್ಕಿಂತ ವಿಚಿತ್ರ. ಅಲ್ಲೂ ನಮ್ಮ ಹಾಗೆ ಎಡಗಡೆ ಚಾಲನೆ, ಆದರೆ ನಗರದ ನಡುಭಾಗದಲ್ಲಿ ರಸ್ತೆ ಮಧ್ಯೆ ಟ್ರಾಮ್ ಓಡುತ್ತದೆ. ಬಲಕ್ಕೆ ಹೋಗುವವನು ನಡುವಿನಲ್ಲಿ ಕಾದರೆ ಟ್ರಾಮ್ ನಿಲ್ಲಬೇಕಾಗುತ್ತದೆ. ಅದಕ್ಕೆ ಕೆಲವು ಜಂಕ್ಷನ್‌ಗಳಲ್ಲಿ ಬಲತಿರುವು ಎಡ ಲೇನಿನಿಂದ ಮಾತ್ರ ಎಂಬ ಬೋರ್ಡ್. ಬಲ ಇಂಡಿಕೇಟರ್ ಹಾಕಿ ಎಡ ಲೇನಿನಲ್ಲಿ ಬನ್ನಿ. ಹಸಿರು ಇದ್ದಾಗ ಜಂಕ್ಷನ್‌ನೊಳಗೆ ನೇರ ಮುಂದೆ ಹೋಗಿ, ನೀವು ಸೇರಬೇಕಾದ ರಸ್ತೆಯ ಆಚೆ ಅಂಚಿನ ಹತ್ತಿರ, ಎಡಕ್ಕೆ ಒತ್ತಿ ನಿಲ್ಲಿ. ಜನ ದಾಟುವ ಪಟ್ಟಿಯ ಮೇಲೆ ನಿಲ್ಲಬಾರದು. ನಿಮ್ಮ ರಸ್ತೆಯ ದೀಪ ಕೆಂಪಾಗಿ, ನೀವು ಸೇರುವ ರಸ್ತೆಯ ದೀಪ ಹಸಿರಾದ ಕೂಡಲೇ ಬಲಕ್ಕೆ ಹೊರಡಿ. ಆಗ ನಿಮ್ಮ ಎಡಗಡೆಯ ಸ್ಟಾಪ್ ಲೈನ್‌ನಲ್ಲಿ ನಿಂತವರೂ ಹೊರಡುತ್ತಾರೆ, ನೀವು ಅವರ ಮುಂದೆ ಇರುತ್ತೀರಿ.

ಇಲ್ಲಿಂದ ಹೋದವರು ತಪ್ಪುವುದು ಎರಡು ಕಡೆ. ಒಂದು, ತಾವು ಬಂದ ರಸ್ತೆಯ ದೀಪವನ್ನೇ ನೋಡುತ್ತಾ ಎದುರಿನವರು ಖಾಲಿಯಾದರು ಎಂದು ಮೊದಲೇ ತಿರುಗುವುದು. ಆಗ ಟ್ರಾಮ್‌ಗೆ ಅಡ್ಡ. ಇನ್ನೊಂದು, ಕಾಯುವ ಜಾಗದಲ್ಲಿ ಆಗಲೇ ಕಾರುಗಳು ತುಂಬಿದ್ದರೂ ಹಿಂದೆ ಹೋಗಿ ಸೇರುವುದು. ಆಗ ನಿಮ್ಮ ಬಾಲ ಪಟ್ಟಿಯ ಮೇಲೆ. ಜಾಗ ಇಲ್ಲದಿದ್ದರೆ ಸ್ಟಾಪ್ ಲೈನ್‌ನ ಹಿಂದೆಯೇ ಉಳಿದು ಮುಂದಿನ ಸರದಿ ಕಾಯಬೇಕು. ಸೈಕಲ್ಲಿನವರು ಅಲ್ಲಿ, ಬೋರ್ಡ್ ಬೇಡ ಎನ್ನದ ಜಂಕ್ಷನ್‌ಗಳಲ್ಲೆಲ್ಲ, ಹೀಗೆ ತಿರುಗಬಹುದು. ಬಲಗಡೆ ಚಾಲನೆಯ ತೈವಾನ್‌ನಲ್ಲಿ ಸ್ಕೂಟರುಗಳಿಗೆ ಎಡಕ್ಕೆ ಇದೇ ಥರದ ಎರಡು ಹಂತದ ತಿರುವು, ಕಾಯಲು ರಸ್ತೆಯ ಮೇಲೆ ಚೌಕ ಬರೆದಿರುತ್ತದೆ.

ಗಲ್ಫಿಗೆ ಹೊರಟವರಿಗೆ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಬಲಗಡೆ ಚಾಲನೆ, ಎಡತಿರುವೇ ಕಷ್ಟದ ತಿರುವು. ನಮ್ಮಲ್ಲಿ ಸರ್ಕಲನ್ನು ಪ್ರದಕ್ಷಿಣೆಯಾಗಿ ಸುತ್ತುತ್ತೇವೆ, ಒಳಗೆ ಆಗಲೇ ಇರುವವನಿಗೆ ಮೊದಲ ಹಕ್ಕು, ಅವನು ಬರುವುದು ನಿಮ್ಮ ಬಲದಿಂದ. ಅಲ್ಲಿ ಸುತ್ತುವುದು ಅಪ್ರದಕ್ಷಿಣೆ, ಅವನು ಬರುವುದು ಎಡದಿಂದ. ಯು ಟರ್ನ್ ಮಾಡುವುದು ಅತಿ ಎಡದ ಲೇನಿನಿಂದ. ಎರಡೂ ಕಡೆ ಬದಲಾಗದ ಗುರುತು ಒಂದಿದೆ: ಚಾಲಕನ ಬಾಗಿಲ ಬದಿಯ ಭುಜ ಯಾವಾಗಲೂ ರಸ್ತೆಯ ನಡುಗೆರೆಯ ಬದಿಗೆ. ತಿರುಗಿ ಮುಗಿದಾಗ ನಿಮ್ಮ ಭುಜ ಅಂಚಿನ ಕಲ್ಲಿನ ಬದಿಗೆ ಬಂದಿದ್ದರೆ ತಪ್ಪು ಲೇನಿನಲ್ಲಿದ್ದೀರಿ. ಇದು ಹೆಚ್ಚಾಗಿ ಆಗುವುದು ದೊಡ್ಡ ಜಂಕ್ಷನ್‌ನಲ್ಲಿ ಅಲ್ಲ, ಅಲ್ಲಿ ಮುಂದೆ ಯಾರಾದರೂ ಇರುತ್ತಾರೆ, ಅವರ ಹಿಂದೆ ಹೋಗುತ್ತೀರಿ. ಬೆಳಗ್ಗಿನ ಜಾವ ಪೆಟ್ರೋಲ್ ಬಂಕಿನಿಂದಲೋ ಪಾರ್ಕಿಂಗ್‌ನಿಂದಲೋ ಖಾಲಿ ರಸ್ತೆಗೆ ಹೊರಬರುವಾಗ ಆಗುತ್ತದೆ. ರಜೆಯಲ್ಲಿ ಊರಿಗೆ ಬಂದವರಿಗೂ ಮೊದಲ ವಾರ ಅದೇ ಕಥೆ, ದಿಕ್ಕು ಮಾತ್ರ ಬೇರೆ.